ಎಡಗೈ ಎತ್ತಿದ್ರ

ಹೆಸರು ಯಮನಪ್ಪ. ಸೂಜಿ ಕಂಡ್ರ
ಜೀವ ಮೊಳಕಾಲಿಗೆ ಇಳೀತೈತಿ. ನಗಬ್ಯಾಡ್ರಿ.
ಹದಿನೆಂಟು ವರ್ಷ ಇಳಕಲ್ಲಿನ ಕೆಂಪು ಕಲ್ಲಿನ ಖಣಿಯೊಳಗ
ಡ್ರಿಲ್ ಹಿಡದ ಕೈ ಇದು. ರಾತ್ರಿ ಹಾಸಿಗಿಮ್ಯಾಲ ಇಟ್ರೂ
ಬೆರಳು ನಡಗತಾವ,
ಮಷಿನ್ ಇನ್ನೂ ಬಂದ್ ಆಗೇ ಇಲ್ಲ ಅನ್ನೂವಂಗ.

ದವಡಿಹಲ್ಲು ಮೂರು ತಿಂಗಳು ನೋಯಿತು.
ಲವಂಗ ಇಟ್ನಿ, ತಂಬಾಕ ಇಟ್ನಿ,
ಬಲಕ್ಕ ನುರಸೂದು ಬಿಟ್ಟು ಎಡಕ್ಕ ನುರಸಿದ್ನಿ,
ಕಡೀಕ ಖಡಕ್ ರೊಟ್ಟಿ ಹಾಲಿನ್ಯಾಗ ನೆನಸಿ
ಬೊಚ್ಚಬಾಯಿ ಮುದುಕನಂಗ ನುಂಗಿದ್ನಿ.
ಗಲ್ಲ ಬಾತು ಕಣ್ಣು ಅರ್ಧ ಮುಚ್ಚಿತು.
ದುರಗವ್ವ ಕನ್ನಡಿ ತಂದು ಮುಂದ ಹಿಡದ್ಲು:
‘ಇದರಾಗ ಯಾರು ಅದಾರ ಹೇಳು.
ನನಗಂತೂ ಗುರತ ಸಿಗವಲ್ತು.’

ನನಗ ಸಿಕ್ಕಿತ್ತು.
ಒಂಬತ್ತು ವರ್ಷದ ಹುಡುಗ. ಹುನಗುಂದ ಸಂತಿ.
ತಟ್ಟಿನ ಚೀಲದ ಮ್ಯಾಲ ಹಲ್ಲಿನ ರಾಶಿ ಹಾಕ್ಕೊಂಡು ಕುಂತಾಂವ,
ಅವನ ಬೆರಳಿನ ಬೀಡಿ ವಾಸನಿ ನನ್ನ ನಾಲಿಗಿಮ್ಯಾಲ.
ಅಪ್ಪ ತಲಿ ಹಿಡದಿದ್ದ, ಕಾಕಾ ಕಾಲು.
ಬ್ಯಾಡ ಅಂದ್ನಿ. ಬಾಯಾಗ ಇಕ್ಕಳ ಇದ್ದಾಗ
ಬ್ಯಾಡ ಅನ್ನೂದು ಬರೇ ‘ಆ’ ಅಂತ ಕೇಳತೈತಿ.
ಕಿತ್ತದ್ದು ಬ್ಯಾರೆ ಹಲ್ಲು.
ಬರೂ ಮುಂದ ಅಪ್ಪ ಮಿರ್ಚಿ ಕೊಡಿಸಿದ.
ಕೈಯಾಗ ಹಿಡಕೊಂಡ ಮನೀತನಕ ಬಂದ್ನಿ, ತಣ್ಣಗಾಗಿತ್ತು.

ಡಾಕ್ಟರಬಾಯಿ ನಸೀಮಾ ಬಾಗವಾನ, ಬಸ್‌ಸ್ಟ್ಯಾಂಡ್ ಹಿಂದ, ಮ್ಯಾಲಿನ ಮಜಲಿ.
ಮದಲನೇ ದಿನ ಕೀಳಲಿಲ್ಲ.
‘ಕೀವು ತುಂಬೈತಿ, ಈಗ ಸೂಜಿ ಹಾಕಿದ್ರ ಸರಿಯಾಗಿ ಜೋಮು ಹಿಡಿಯೂದಿಲ್ಲ.
ಐದು ದಿನ ಗುಳಿಗಿ ತಗೋರಿ.’
ಆ ಐದು ದಿನದಾಗ ನಾ ಎಷ್ಟು ಸುಳ್ಳು ಹೊಸದ್ನಿ ಅಂತ
ದುರಗವ್ವನ್ನ ಕೇಳ್ರಿ.

ಆರನೇ ದಿನ ಎರಡು ಸಲ ಮೆಟ್ಟಲಾ ಇಳದು ಬಂದ್ನಿ.
ಕೆಳಗ ಬಾಗಲಕ್ಕ ಅಕಿ ನಿಂತಿದ್ಲು, ಸೆರಗು ಸೊಂಟಕ್ಕ ಸಿಗಸಿ.
ಮತ್ತ ಏರಿದ್ನಿ.
ಒಳಗ ಕಂಪ್ರೆಸರ್ ಸದ್ದು. ನಮ್ಮ ಖಣಿದೇ ಸದ್ದು, ಖರೆ,
ಆದ್ರ ಅಲ್ಲಿ ನಾ ಮಷಿನ್ನಿನ ಈ ಕಡೆ ಇರತೇನಿ.

‘ಏನ್ ಕೆಲಸ ನಿಮ್ಮದು?’
ಡ್ರಿಲ್ ಹೊಡೀತೇನ್ರಿ. ಸುರಂಗ ಹಾರಸೂ ಮುಂದ
ಕೆಂಪು ಅರಬಿ ಹಿಡದು ರಸ್ತಾದಾಗ ನಿಲ್ಲೂದೂ ನಾನ.
‘ಲಾರಿ ನಿಲ್ಲತಾವೇನು?’
ನಿಲ್ಲಲಾರದ ಏನ್ ಮಾಡತಾವ್ರಿ.
‘ಹಂಗಾರ ಇಲ್ಲೂ ಎಡಗೈ ನಿಮ್ಮದು. ಎತ್ತಿದ್ರ ನಾ ನಿಂತೆ.
ಯಾಕ ಅಂತ ಕೇಳೂದಿಲ್ಲ.’

ಸೂಜಿ ಹತ್ರ ಬಂತು. ಎತ್ತಿದ್ನಿ. ನಿಂತ್ಲು.
ಮತ್ತ ಬಂತು. ಮತ್ತ ಎತ್ತಿದ್ನಿ, ನೋವಿಗಲ್ಲ,
ಖರೇನ ನಿಲ್ಲತಾಳೋ ಇಲ್ಲೋ ನೋಡಾಕ.
ನಿಂತ್ಲು.
ಗಡಿಯಾರ ನೋಡಲಿಲ್ಲ. ಹೊರಗ ನಾಕು ಮಂದಿ ಕುಂತಾರ ಅನ್ನಲಿಲ್ಲ.
ಮೂವತ್ತೈದು ವರ್ಷದ ಹಿಂದ ಅಂದ ‘ಬ್ಯಾಡ’
ಇವತ್ತ ಒಬ್ಬಾಕಿಗೆ ಕೇಳಿಸ್ತು.
ಮೂರನೇ ಸಲ ಕೈ ತೊಡಿಮ್ಯಾಲ ಇತ್ತು.
ನಡಗತಿತ್ತು. ಏಳಲಿಲ್ಲ.

ತುಟಿ ಯಾರದೋ ತುಟಿ ಆತು.
‘ಎಳಿಯೂದಲ್ಲ ಇದು, ಬೆಣಿ’ ಅಂದ್ಲು.
ಬೆಣಿ ನನಗ ಗೊತ್ತು. ಕಲ್ಲಿನ ಗೆರಿ ನೋಡಿ ಇಡಬೇಕು,
ಸಿಟ್ಟು ಮಾಡಬಾರದು, ಕಾಯಬೇಕು.
ಕಲ್ಲು ಬಿಡೂ ಮುಂದ ಒಂದು ಸಣ್ಣ ಸದ್ದು ಮಾಡತೈತಿ.
ಆ ಸದ್ದು ತಲಿಬುರಡಿಯೊಳಗ ಕೇಳಿತು.
ಅಕಿಗಿಂತ ಮದಲ ನನಗ ಗೊತ್ತಾತು, ಬಿಡ್ತು ಅಂತ.

ಸ್ಟೀಲಿನ ತಾಟಿನ್ಯಾಗ ಮೂರು ಬೇರು,
ಒಂದರ ತುದಿಗೆ ಜೋಳದ ಕಾಳಿನಷ್ಟು ಕೀವಿನ ಗಂಟು.
ಇಷ್ಟೇ? ಅನ್ನಬೇಕಂದ್ರ ಬಾಯಿತುಂಬ ಹತ್ತಿ.

ರಸ್ತಾಕ್ಕ ಇಳದ್ವಿ. ಕುಷ್ಟಗಿ ಬಸ್ಸು ಬರಾಕತ್ತಿತ್ತು.
ಎಡಗೈ ತಾನ ಎದ್ದಿತು.
ಡ್ರೈವರ ನಿಲ್ಲಸಲಿಲ್ಲ, ಧೂಳ ಹಾರಿಸ್ಕೋತ ಹೋದ.
ದುರಗವ್ವಗ ನಗಿ ತಡಿಯಾಕ ಆಗಲಿಲ್ಲ.
ನಾನೂ ನಕ್ಕನಿ,
ಜೋಮು ಹಿಡೀಲಾರದ ಕಡೆಯಿಂದ ಅಷ್ಟ.